ಬುಡದ ಗಂಟು

ಬಾಚಿ ಹೆಣೆದರೆ ಜಡೆ. ಬಾಚದೆ ಬಿಟ್ಟರೂ ಜಡೆ. ನಮ್ಮ ಭಾಷೆಯ ಬಡತನವೋ ಜಾಣತನವೋ, ಎರಡಕ್ಕೂ ಒಂದೇ ಶಬ್ದವನ್ನಿಟ್ಟು ಹಿರಿಯರು ಸುಮ್ಮನಾಗಿದ್ದಾರೆ. ಮೊದಲನೆಯದಕ್ಕೆ ಎಣ್ಣೆ ಬೇಕು, ಹಣಿಗೆ ಬೇಕು, ತಾಯಿಯವೋ ಅಕ್ಕನವೋ ಎರಡು ಕೈ ಬೇಕು. ಹಬ್ಬದ ದಿನವಾದರೆ ಒಂದು ಮೊಳ ಮಲ್ಲಿಗೆಯೂ ಬೇಕು. ಎರಡನೆಯದಕ್ಕೆ ಏನೂ ಬೇಡ. ಕೆಲವು ತಿಂಗಳು ತಲೆಯನ್ನು ಅದರ ಪಾಡಿಗೆ ಬಿಟ್ಟರೆ ಸಾಕು. ಮೊದಲನೆಯದು ಹೆಂಗಸಿನ ಗುರುತು. ‘ಎರಡು ಜಡೆ ಒಂದು ಕಡೆ ಸೇರವು’ ಎಂದು ಗಾದೆ ಕಟ್ಟಿದವರು—ಅವರು ಗಂಡಸರೇ ಇರಬೇಕು—ನಮ್ಮನ್ನೆಲ್ಲ ಬರಿಯ ಜಡೆಯನ್ನಾಗಿ ಮಾಡಿ ಕೈ ತೊಳೆದುಕೊಂಡಿದ್ದಾರೆ. ಎರಡನೆಯದು ಶಿವನ ಗುರುತು, ಜೋಗಿಯ ಗುರುತು. ನಮ್ಮ ಕಡೆಯಲ್ಲಂತೂ ಸವದತ್ತಿಯ ಎಲ್ಲಮ್ಮನ ಗುರುತು. ನಾನು ಈಗ ಹೇಳಹೊರಟಿರುವುದು ಈ ಎರಡಕ್ಕೂ ಪೂರಾ ಸೇರದ, ಆದರೆ ಎರಡಕ್ಕೂ ನಂಟಿರುವ, ಮೂರನೆಯದೊಂದು ಜಡೆಯ ಸಂಗತಿ.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ದೀಪಾವಳಿಗೆಂದು ಬೈಲಹೊಂಗಲಕ್ಕೆ ಬಂದವಳು ತಲೆಯ ಮೇಲಿನ ವಸ್ತ್ರ ತೆಗೆದಾಗ ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಸೊಂಟದವರೆಗೆ ಇದ್ದ ಕೂದಲು ಹೆಗಲಿಗೆ ಏರಿತ್ತು. ಪೆನ್ಸಿಲಿನ ದಪ್ಪದ ಹುರಿಗಳಾಗಿ, ಎಣಿಸಿದರೆ ತೊಂಬತ್ತಕ್ಕೆ ಎರಡು ಕಡಿಮೆ, ತಲೆಯ ಸುತ್ತ ಇಳಿಬಿದ್ದಿತ್ತು. ಅವಳ ತಂದೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ಸೊಸೆ ಅಡಿಗೆಯ ಮನೆಗೆ ಹೋದಳು. ಓಣಿಯ ಹೆಂಗಸರು ಮಾತ್ರ ಉಪಾಯಗಾರ್ತಿಯರು. ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಿಂದ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಆ ದಿನ ನಮ್ಮ ಮನೆಯಿಂದ ಹೊರಗೆ ಹೋದ ಸಕ್ಕರೆಯ ಲೆಕ್ಕವನ್ನು ನಾನು ಇಟ್ಟಿಲ್ಲ.

“ಇದಕ್ಕ ಲಾಕ್ಸ್ ಅಂತಾರ ಅಜ್ಜಿ” ಎಂದಳು.

“ಲಾಕ್ ಅಂದರ ಕೀಲಿ ಅಲ್ಲೇನು?” ಎಂದೆ. ನಾನೂ ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷು ಕಲಿಸಿದವಳೇ.

ಅವಳು ನಕ್ಕಳು. ಕೀಲಿಯಲ್ಲವಂತೆ, ಬರೆಯುವ ಅಕ್ಷರವೇ ಬೇರೆಯಂತೆ. ಆದರೆ ಅದರ ಬುಡವನ್ನು ಭದ್ರಪಡಿಸುವ ಕೆಲಸಕ್ಕೆ ಲ್ಯಾಚಿಂಗ್ ಎಂದು ಹೆಸರು. ಲ್ಯಾಚ್ ಎಂದರೆ ಅಗುಳಿ. ಹೆಸರು ಕೀಲಿಯದಲ್ಲದಿದ್ದರೂ ಕೆಲಸ ಅಗುಳಿಯದೇ ಆಯಿತಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆ ಕೆಲಸ ನನ್ನ ಪಾಲಿಗೇ ಬರುತ್ತದೆ ಎಂದು ಆಗ ಅನಿಸಿರಲಿಲ್ಲ.

ಕೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುತ್ತದೆ. ಹುರಿಯಾದದ್ದು ಹುರಿಯಾಗಿಯೇ ಕೆಳಕ್ಕೆ ಸರಿಯುತ್ತ ಹೋಗುತ್ತದೆ. ನೆತ್ತಿಯ ಹತ್ತಿರ ಹೊಸದಾಗಿ ಬಂದದ್ದು ಬಿಡಿಗೂದಲಾಗಿಯೇ ನಿಲ್ಲುತ್ತದೆ. ಆಫ್ರಿಕದ ಮೂಲದವರ ಬಿಗಿ ಸುರುಳಿಯ ಕೂದಲು ಒಂದನ್ನೊಂದು ತಾನಾಗಿಯೇ ಹಿಡಿದುಕೊಳ್ಳುವ ಜಾತಿಯದು. ಈ ವಿದ್ಯೆಯೂ ಅವರಿಂದಲೇ ಲೋಕಕ್ಕೆ ಬಂದದ್ದು. ನಮ್ಮವರ ಕೂದಲು ಜಾರುಗೂದಲು. ಬಿಟ್ಟರೆ ಬುಡ ಸಡಿಲಾಗಿ, ನೆರೆಯ ಹುರಿಯೊಡನೆ ಸಿಕ್ಕು ಬಿದ್ದು, ಎರಡು ಹುರಿಗಳು ಸೇರಿ ಒಂದಾಗಿಬಿಡುತ್ತವೆ. ಆದ್ದರಿಂದ ಆರೆಂಟು ವಾರಕ್ಕೊಮ್ಮೆ ಬುಡವನ್ನು ಕಟ್ಟಬೇಕು. ಕನ್ನಡಿಯ ಮುಂದೆ ಕುಳಿತು ಮುಂದಲೆಯನ್ನು ಅವಳೇ ಕಟ್ಟಿಕೊಳ್ಳುತ್ತಾಳೆ. ಹಿಂದಲೆಗೆ ಕೈ ಹೋದರೂ ಕಣ್ಣು ಹೋಗದು. ಮನೆಯಲ್ಲಿ ಕ್ರೋಶಾ ಕಡ್ಡಿ ಹಿಡಿದು ಗೊತ್ತಿದ್ದವಳು ನಾನೊಬ್ಬಳೇ. ಬಾಗಿಲ ತೋರಣ, ತಂಬಿಗೆಯ ಮೇಲಿನ ಜಾಳಿಗೆ, ಮಕ್ಕಳ ಕುಲಾಯಿ ಎಂದು ಐವತ್ತು ವರ್ಷ ಹೆಣೆದಿದ್ದೇನೆ. ಹೀಗಾಗಿ ಊರಿಗೆ ಬಂದಾಗಲೆಲ್ಲ ಅವಳು ಪಡಸಾಲೆಯಲ್ಲಿ ಚಾಪೆ ಹಾಸಿ ನನಗೆ ಬೆನ್ನು ಮಾಡಿ ಕೂಡುವುದು, ನಾನು ಮಣೆಯ ಮೇಲೆ ಕೂತು ಕನ್ನಡಕ ಏರಿಸುವುದು ರೂಢಿಯಾಯಿತು.

ಈ ಕೆಲಸದ ಕೊಕ್ಕೆ ಕ್ರೋಶಾ ಕಡ್ಡಿಯ ತಂಗಿಯೇ ಸರಿ. ಆದರೆ ಅದರ ಬಾಯಿಗೆ ಒಂದು ಸಣ್ಣ ನಾಲಗೆ ಇರುತ್ತದೆ. ಹೋಗುವಾಗ ನಾಲಗೆ ತೆರೆಯುತ್ತದೆ. ಹಿಡಿದುಕೊಂಡು ಬರುವಾಗ ಮುಚ್ಚುತ್ತದೆ. ಹೊಸೈರಿ ಯಂತ್ರಗಳಲ್ಲಿ ಬನೀನು ಹೆಣೆಯುವ ಸೂಜಿಯ ನಾಲಗೆಯೂ ಇದೇ ಬಗೆಯದು. ಮೊದಲು ತಲೆ ಎರೆದುಕೊಂಡು ಚೆನ್ನಾಗಿ ಆರಿಸಿರಬೇಕು. ಹುರಿಯ ಒಳಗೆ ನೀರು ಉಳಿದರೆ ಮಳೆಗಾಲದ ಕಂಬಳಿಯಂತೆ ಮುಗ್ಗು ವಾಸನೆ ಹಿಡಿಯುತ್ತದೆ. ಎಣ್ಣೆ ಮೆತ್ತಬಾರದು; ಜಾರುವುದಕ್ಕೆ ಇನ್ನಷ್ಟು ಜಾರಿಕೆ ಬೇಡ. ಆಮೇಲೆ ಪಕ್ಕದ ಹುರಿಗೆ ಅಂಟಿಕೊಂಡ ಕೂದಲನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಯಾರ ಮನೆಯವರನ್ನು ಅವರ ಮನೆಗೆ ಕಳಿಸಬೇಕು. ಬುಡಕ್ಕೆ ನಾಲ್ಕು ಹನಿ ನೀರು. ಈಗ ಕೊಕ್ಕೆಯನ್ನು ನೆತ್ತಿಯ ಹತ್ತಿರದ ಸಡಿಲು ಭಾಗದ ನಡುವೆ ತೂರಿಸಿ, ಹುರಿಯ ತುದಿಯನ್ನು ಅದರ ಬಾಯಿಗೆ ಕೊಟ್ಟು, ನಾಲಗೆ ಮುಚ್ಚಿ, ಇಡೀ ಹುರಿಯನ್ನು ಆ ಸಂದಿಯಿಂದ ಈಚೆಗೆ ಎಳೆದುಕೊಳ್ಳಬೇಕು. ಹಾವು ತನ್ನ ಬಾಲವನ್ನು ತಾನೇ ನುಂಗಿ ಹೊರಬಂದ ಹಾಗೆ ಒಂದು ಗಂಟು ಬೀಳುತ್ತದೆ.

ಗುಟ್ಟು ಇರುವುದು ದಿಕ್ಕಿನಲ್ಲಿ. ಮೊದಲ ಸಲ ಮೂಡಲಿನಿಂದ ಪಡುವಲಿಗೆ ತೂರಿಸಿದರೆ ಎರಡನೆಯದು ಬಡಗಲಿನಿಂದ ತೆಂಕಲಿಗೆ. ಮೂರನೆಯದು ಪಡುವಲಿನಿಂದ, ನಾಲ್ಕನೆಯದು ತೆಂಕಲಿನಿಂದ. ಗಡಿಯಾರದ ಮುಳ್ಳು ಮೂರು, ಹನ್ನೆರಡು, ಒಂಬತ್ತು, ಆರು ಎಂದು ಹಿಮ್ಮುಖವಾಗಿ ತಿರುಗಿದ ಹಾಗೆ. ಪ್ರತಿ ಸಲವೂ ಒಂದೇ ದಿಕ್ಕಿನಿಂದ ಎಳೆಯುತ್ತ ಹೋದರೆ ಬುಡ ಎರಡಾಗಿ ಸೀಳಿ ನಡುವೆ ತೂತು ಬೀಳುತ್ತದೆ. ಕವಣೆಯ ಕವಲಿನಂತೆ ಕಾಣುತ್ತದೆ. ಒಮ್ಮೆ ಬಿದ್ದ ತೂತು ಮುಂದಿನ ಬೆಳವಣಿಗೆಯೊಡನೆ ಕೆಳಕ್ಕೆ ಇಳಿಯುತ್ತದೆಯೇ ಹೊರತು ಮುಚ್ಚುವುದಿಲ್ಲ.

ದಿಕ್ಕಿಗಿಂತ ದೊಡ್ಡ ಗುಟ್ಟು ನಿಲ್ಲಿಸುವುದರಲ್ಲಿದೆ. ಗಂಟು ನೆತ್ತಿಗೆ ತಾಗುವವರೆಗೆ ಬಿಗಿಯಬಾರದು. ಒಂದು ಜೋಳದ ಕಾಳು ಹಿಡಿಸುವಷ್ಟು ಸಡಿಲು ಬಿಡಬೇಕು. ಚರ್ಮ ಗುಡಾರದಂತೆ ಮೇಲಕ್ಕೆದ್ದರೆ, ಹುಬ್ಬು ಎಳೆದಂತಾದರೆ, ಆ ರಾತ್ರಿ ದಿಂಬಿಗೆ ತಲೆ ಕೊಡಲಾಗದಿದ್ದರೆ ಅದು ಅಂದವಲ್ಲ, ಅಪಾಯ. ಸದಾ ಜಗ್ಗಿಸಿಕೊಂಡ ಕೂದಲಿನ ಬೇರು ಮೊದಲು ಸೊರಗುತ್ತದೆ, ಆಮೇಲೆ ಸಾಯುತ್ತದೆ. ಸತ್ತ ಬೇರಿನ ಕಡೆ ಹೊಸ ಕೂದಲು ಬರುವುದಿಲ್ಲ. ಕೆನ್ನೆಯ ಮೇಲ್ಗಡೆಯ ಸಣ್ಣ ಕೂದಲು ಎಲ್ಲಕ್ಕೂ ಮೊದಲು ಹೋಗುತ್ತದೆ. ಇದೇನು ಹೊಸ ರೋಗವಲ್ಲ. ವರ್ಷಗಟ್ಟಲೆ ಬಿಗಿಯಾಗಿ ತುರುಬು ಕಟ್ಟಿದ ಮುದುಕಿಯರ ಹಣೆ ಹಿಂದಕ್ಕೆ ಸರಿದಿರುವುದನ್ನು ನೀವೂ ನೋಡಿರಬಹುದು. ಆರು ವಾರಕ್ಕಿಂತ ಬೇಗ ಬೇಗ ಕಟ್ಟಿದರೂ ಬುಡ ತೆಳುವಾಗಿ ಹುರಿ ಕಳಚಿ ಕೈಗೆ ಬರುತ್ತದೆ. ಬಿಗಿ ಹೆಚ್ಚಾದಷ್ಟೂ ಭದ್ರ ಎಂಬ ನಮ್ಮ ನಂಬಿಕೆ ಕೂದಲಿನ ವಿಷಯದಲ್ಲಾದರೂ ಸುಳ್ಳು.

ಅವಳ ಹಿಂದಲೆಯಲ್ಲಿ ಒಂದೊಂದೇ ಹುರಿಯನ್ನು ಎತ್ತಿ ಬಿಡಿಸುವಾಗ ನನಗೆ ನೆನಪಾಗುವುದು ಕಿತ್ತೂರು. ಅಲ್ಲಿಯ ನನ್ನ ತಾಯಿಯ ತವರುಮನೆ, ಅದರ ಹಿತ್ತಲ ಪಡಸಾಲೆ, ಅಲ್ಲಿ ಕೂತ ನನ್ನ ದೊಡ್ಡವ್ವ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಆಕೆಗೆ ಹದಿನಾಲ್ಕು ತುಂಬಿದಾಗ ವಿಷಮಜ್ವರ ಬಂದಿತಂತೆ. ನಲವತ್ತು ದಿನ ಹಾಸಿಗೆ. ಬದುಕುವುದೇ ಅನುಮಾನವಾಗಿದ್ದ ಹುಡುಗಿಯ ತಲೆ ಬಾಚುವವರು ಯಾರು? ಎದ್ದು ಕೂತಾಗ ಹಿಂದಲೆಯ ಕೂದಲು ಗಂಟುಗಂಟಾಗಿ ಒಂದು ಮುದ್ದೆಯಾಗಿತ್ತು. ಒಂದು ಸೇರು ಎಣ್ಣೆ, ಒಂದು ವಾರದ ತಾಳ್ಮೆ, ಅದೂ ಆಗದಿದ್ದರೆ ಒಂದು ಕತ್ತರಿ—ಇಷ್ಟರಲ್ಲಿ ಮುಗಿಯಬೇಕಾದ ಸಂಗತಿ. ಆದರೆ ಓಣಿಯ ಹಿರಿಯಳೊಬ್ಬಳು ನೋಡಿ “ಜಡಿ ಬಂದೈತಿ. ಗುಡ್ಡದಾಕಿ ಬಂದು ಕೂತಾಳ” ಎಂದಳು. ಅಲ್ಲಿಗೆ ಎಣ್ಣೆಯೂ ನಿಂತಿತು, ಹಣಿಗೆಯೂ ನಿಂತಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಗುಡ್ಡಕ್ಕೆ ಕರೆದೊಯ್ದು ಮುತ್ತು ಕಟ್ಟಿಸಬೇಕೆಂದು ಕೆಲವರು ಹೇಳಿದರು. ಅಷ್ಟರ ಮಟ್ಟಿಗೆ ನನ್ನ ಅಜ್ಜ ಗಟ್ಟಿಯಾಗಿ ನಿಂತ. ಆದರೆ ಕತ್ತರಿ ಹಿಡಿಯುವಷ್ಟು ಗಟ್ಟಿತನ ಅವನಿಗೂ ಇರಲಿಲ್ಲ. ಜಡೆಗೆ ಕಬ್ಬಿಣ ತಾಗಿದರೆ ರಕ್ತ ಕಾರುತ್ತಾರೆ, ಹುಚ್ಚು ಹಿಡಿಯುತ್ತದೆ, ಮನೆ ಹಾಳಾಗುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು, ಈಗಲೂ ಹೇಳುವವರಿದ್ದಾರೆ.

ನಾನು ಕಂಡಾಗ, ಅಂದರೆ 1950ರ ದಶಕದ ಕೊನೆಗೆ, ಆ ಜಡೆ ಆಕೆಯ ಸೊಂಟ ದಾಟಿತ್ತು. ತೊಂಬತ್ತು ಹುರಿಯಲ್ಲ, ಒಂದೇ. ಹಿಡಿದರೆ ಕೈ ತುಂಬುವಷ್ಟು. ಮಂಗಳವಾರ, ಶುಕ್ರವಾರ ಅದಕ್ಕೆ ಭಂಡಾರ ಹಚ್ಚಿ ಧೂಪದ ಹೊಗೆ ಹಿಡಿಯುತ್ತಿದ್ದರು. ಹಳದಿಯ ಕೆಳಗೆ ಹೇನು. ಹೇನಿನ ಕೆಳಗೆ ಹುಣ್ಣು. ಅಂಗಾತ ಮಲಗಲು ಬರುತ್ತಿರಲಿಲ್ಲ. ಒಂದು ಮಗ್ಗುಲಾಗಿ ಮಲಗಿ, ಜಡೆಯನ್ನು ಪಕ್ಕದ ಮಣೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಳ್ಳುತ್ತಿದ್ದಳು. ಕುತ್ತಿಗೆ ನೋವು ಆಕೆಯ ನಿತ್ಯದ ಮಾತು. ಬಂದವರು ಕಾಲಿಗೆ ಬೀಳುತ್ತಿದ್ದರು; ಲಗ್ನಕ್ಕೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ.

ಆಕೆಯ ಹತ್ತಿರ ಒಂದು ದಂತದ ಬಣ್ಣದ ಹಣಿಗೆ ಇತ್ತು. ಗೋಡೆಯ ಗೂಡಿನಲ್ಲಿ ಅರಿವೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದಳು. ಬೇಸಗೆಯ ರಜೆಗೆ ನಾನು ಹೋದಾಗ ದಿನವೂ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಒಮ್ಮೆ ಬಾಚಿ, ಹೆಣೆದು, ನೋಡಿ, ಬಿಚ್ಚಿ, ಮತ್ತೆ ಬಾಚುತ್ತಿದ್ದಳು. ನೋವಾಗದ ಹಾಗೆ ಸಿಕ್ಕು ಬಿಡಿಸುವ ಆ ಬೆರಳು ನನ್ನ ತಾಯಿಗೂ ಇರಲಿಲ್ಲ: ಬುಡವನ್ನು ಒಂದು ಕೈಯಿಂದ ಹಿಡಿದು, ತುದಿಯಿಂದ ಆರಂಭಿಸಿ, ಮೇಲಕ್ಕೆ ಬರುವುದು. ತನ್ನ ತಲೆಗೆ ತಾಗಿಸಬಾರದ ಹಣಿಗೆಯನ್ನು ಆಕೆ ಸಾಯುವವರೆಗೂ ತೊಳೆದು ಇಟ್ಟುಕೊಂಡಿದ್ದಳು. ಜಡೆಯ ಸಮೇತವೇ ಆಕೆಯನ್ನು ಮಣ್ಣು ಮಾಡಿದರು.

ದೇವಿ ಬಂದದ್ದು ಹೌದೇ ಅಲ್ಲವೇ ಎಂದು ವಾದಿಸುವುದು ನನ್ನ ಕೆಲಸವಲ್ಲ. ಕೂದಲು ಗಂಟಾಗುವುದು ಹೇಗೆ ಎಂಬುದು ಮಾತ್ರ ಈಗ ಮರೆಯಾದ ಸಂಗತಿಯಲ್ಲ. ಯಾರ ತಲೆಯಿಂದಲೇ ಆಗಲಿ, ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುತ್ತವೆ. ಬಾಚಿದರೆ ಅವು ಹಣಿಗೆಗೆ ಬರುತ್ತವೆ. ಬಾಚದಿದ್ದರೆ ತಲೆಯಲ್ಲೇ ಉಳಿದು ಇದ್ದ ಕೂದಲನ್ನು ಸುತ್ತಿಕೊಳ್ಳುತ್ತವೆ. ಕೂದಲು ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೈ ಮೀನಿನ ಹುರುಪೆಯ ಹಾಗೆ ಪದರುಪದರು. ಹುರುಪೆಯ ಬಾಯೆಲ್ಲ ತುದಿಯ ಕಡೆಗೆ. ಬೆವರು, ನೀರು, ತಿಕ್ಕಾಟ ಸೇರಿದರೆ ಒಂದರ ಪದರು ಇನ್ನೊಂದಕ್ಕೆ ಸಿಕ್ಕಿ ಹಿಂದೆ ಬರದ ಹಾಗೆ ಕಚ್ಚಿಕೊಳ್ಳುತ್ತದೆ. ನಮ್ಮ ಕುರುಬರ ಕಂಬಳಿಯ ಉಣ್ಣೆ ನೀರು ಕುಡಿದು, ತಿಕ್ಕಿಸಿಕೊಂಡು, ಬರಬರುತ್ತ ಮಳೆಯನ್ನೂ ಒಳಗೆ ಬಿಡದಷ್ಟು ಒತ್ತಾಗುವುದು ಇದೇ ನ್ಯಾಯದಿಂದ. ಕಂಬಳಿಗೆ ಯಾರೂ ಕೈ ಮುಗಿಯುವುದಿಲ್ಲ, ಹೊದೆಯುತ್ತಾರೆ.

ಈ ಭಯ ನಮ್ಮದೊಂದೇ ಎಂದು ನಾಚಬೇಕಾಗಿಲ್ಲ. ಪೋಲೆಂಡ್ ದೇಶದಲ್ಲಿ ಎಲ್ಲಮ್ಮನಿಲ್ಲ. ಆದರೂ ಅಲ್ಲಿಯ ಹಳ್ಳಿಗರು ಶತಮಾನಗಟ್ಟಲೆ ತಲೆಯಲ್ಲಿ ಇಂಥ ಜಡೆಯನ್ನು ಬೆಳೆಸಿಕೊಂಡಿದ್ದರು. ಮೈಯೊಳಗಿನ ರೋಗವೆಲ್ಲ ಆ ಗಂಟಿಗೆ ಇಳಿದು ಬರುತ್ತದೆ, ಅದನ್ನು ಕತ್ತರಿಸಿದರೆ ರೋಗ ಒಳಕ್ಕೆ ತಿರುಗಿ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ ಎಂದು ಅವರ ನಂಬಿಕೆ. ವೈದ್ಯರ ಪುಸ್ತಕಗಳಲ್ಲಿ ಅದಕ್ಕೆ ‘ಪೋಲೆಂಡಿನ ಜಡೆ’ ಎಂಬರ್ಥದ ಲ್ಯಾಟಿನ್ ಹೆಸರೇ ನಿಂತುಬಿಟ್ಟಿತು. 19ನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಝೆಫ್ ಡೀಟ್ಲ್ ಅದು ರೋಗವಲ್ಲ, ಬರಿಯ ಸಿಕ್ಕು ಎಂದು ಸಾರಿ ಅದರ ವಿರುದ್ಧ ಹೋರಾಡಿದ. ಮುಂದೆ 1866ರಲ್ಲಿ ಅದೇ ನಗರದ ಅಧ್ಯಕ್ಷನೂ ಆದ. ಅಲ್ಲಿ ರೋಗದ ಭಯ, ಇಲ್ಲಿ ದೇವಿಯ ಭಯ. ಎರಡೂ ಕಡೆ ಕತ್ತರಿ ಮಾತ್ರ ಗೂಡಿನಲ್ಲೇ ಉಳಿಯಿತು.

ನಮ್ಮಲ್ಲಿ ಜಡೆ ಬರಿಯ ಜಡೆಯಾಗಿ ಉಳಿಯಲಿಲ್ಲ. ಬಡವರ ಮನೆಯ ಹುಡುಗಿಯರ ಪಾಲಿಗೆ ಅದು ಕರೆಯೋಲೆಯಾಯಿತು. ಜಡೆ ಬಂತೆಂದರೆ ದೇವಿ ಕರೆದಳು; ಕರೆದಳೆಂದರೆ ಮುತ್ತು; ಮುತ್ತು ಎಂದರೆ ಮುಂದಿನ ಬಾಳೆಲ್ಲ ಊರವರ ಪಾಲು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲೊಂದು ಕಾಯಿದೆ ಬಂದಿತು. 1982ರಲ್ಲಿ ಕರ್ನಾಟಕದ ಶಾಸನ ಮುತ್ತು ಕಟ್ಟುವುದನ್ನು ಅಪರಾಧವೆಂದು ಸಾರಿತು. ಕಾಯಿದೆ ಕಾಗದದ ಮೇಲೆ ಬಂದಷ್ಟು ಬೇಗ ಗುಡ್ಡ ಹತ್ತುವುದಿಲ್ಲ. 1997ರಲ್ಲಿ ನಮ್ಮ ಜಿಲ್ಲೆಯ ಮಾಜಿ ದೇವದಾಸಿಯರೇ ಸೇರಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು ಕಟ್ಟಿಕೊಂಡು ಕೆಲಸಕ್ಕಿಳಿದರು. ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜಡೆ ಬಂದವರನ್ನು ಒಪ್ಪಿಸಿ ಕತ್ತರಿ ಹಿಡಿದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಲ್ಕರರ ಕೊಲೆಯಾದ ಮೇಲೂ ಅವರು ಆ ಕತ್ತರಿಯನ್ನು ಕೆಳಗಿಡಲಿಲ್ಲ.

ಒಪ್ಪಿಸಿ ಎಂಬ ಮಾತನ್ನು ನಾನು ಬೇಕೆಂದೇ ಬರೆದೆ. ರಾಮದುರ್ಗದಲ್ಲಿ ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಕಂಡ ಎರಡು ಸಂಗತಿಗಳಿಂದ ಆ ಮಾತಿನ ತೂಕ ನನಗೆ ತಿಳಿಯಿತು.

ನಮ್ಮ ಮನೆಯ ಹಿಂದೆ ನೇಕಾರರ ಮನೆ. ಮಗ್ಗದ ಸಪ್ಪಳದಲ್ಲೇ ನಮಗೆ ಬೆಳಗಾಗುತ್ತಿತ್ತು. ಆ ಮನೆಯ ಸೊಸೆಗೆ ಹನ್ನೊಂದು ವರ್ಷದ ಜಡೆ. ಎಲ್ಲಿಂದಲೋ ಇಬ್ಬರು ಹೆಂಗಸರು ಬಂದರು. ಮೊದಲ ಸಲ ಚಹಾ ಕುಡಿದು ಮಳೆಬೆಳೆ ಮಾತಾಡಿ ಹೋದರು. ಎರಡನೆಯ ಸಲ ಕುತ್ತಿಗೆ ನೋವಿನ ಮಾತು ತೆಗೆದರು. ಮೂರನೆಯ ಸಲ ತಮ್ಮಲ್ಲೊಬ್ಬಳ ತಲೆ ತೋರಿಸಿದರು: ಆಕೆಗೂ ಜಡೆ ಇದ್ದಿತ್ತು, ಕತ್ತರಿಸಿ ನಾಲ್ಕು ವರ್ಷವಾಗಿತ್ತು, ರಕ್ತ ಕಾರಿರಲಿಲ್ಲ. ನಾಲ್ಕನೆಯ ಸಲ ಆ ಸೊಸೆ ತಾನೇ ಬಾಗಿಲಿಕ್ಕಿ ಬಂದು ಕೂತಳು. ನಾನು ಟವೆಲು ಹಿಡಿದು ನಿಂತಿದ್ದೆ. ಅರ್ಧ ತಾಸು ಹಿಡಿಯಿತು. ಕತ್ತರಿ ಎರಡು ಸಲ ಮೊಂಡಾಯಿತು. ಜಡೆಯನ್ನು ಉಡಿ ತುಂಬಿ, ಕೈ ಮುಗಿದು, ಮಲಪ್ರಭೆಗೆ ಬಿಟ್ಟು ಬಂದರು. ಮೊದಲ ರಾತ್ರಿ ಭಯಕ್ಕೆ ನಿದ್ದೆ ಬರಲಿಲ್ಲವಂತೆ. ಎರಡನೆಯ ರಾತ್ರಿ ಅಂಗಾತ ಮಲಗಿದಳಂತೆ. ಮೂರನೆಯ ದಿನ ನಮ್ಮ ಮನೆಗೆ ಬಂದು ಒಂದು ಬಟ್ಟಲು ಕೊಬ್ಬರಿ ಎಣ್ಣೆ ಕೇಳಿದಳು.

ಅದೇ ಪೇಟೆಯಲ್ಲಿ ಇನ್ನೊಬ್ಬಳಿದ್ದಳು. ಆಕೆಯ ಜಡೆಯನ್ನು ಮನೆಯ ಗಂಡಸರು ಆಕೆ ನಿದ್ದೆಯಲ್ಲಿದ್ದಾಗ ಕತ್ತರಿಸಿ ಗಟಾರಕ್ಕೆ ಎಸೆದರು. ಅವರಿಗೂ ಮೂಢನಂಬಿಕೆ ಬೇಡವಾಗಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಕೆಗೂ ಕುತ್ತಿಗೆ ಹಗುರಾಗಿರಬೇಕು. ಆದರೆ ಆರು ತಿಂಗಳು ಆಕೆ ತಲೆಯ ಮೇಲಿನ ಸೆರಗು ತೆಗೆಯಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಕತ್ತರಿ ಅದೇ, ಕೂದಲು ಅದೇ, ವಿಜ್ಞಾನವೂ ಅದೇ. ಉತ್ತರ ಕರ್ನಾಟಕದ ಜೋಗತಿಯರ ನಡುವೆ ಇದ್ದು 2014ರಲ್ಲಿ ಗ್ರಂಥ ಬರೆದ ಅಮೆರಿಕದ ಲೂಸಿಂಡಾ ರ‍್ಯಾಂಬರ್ಗ್ ಎಂಬ ವಿದುಷಿಯೂ, ಸುಧಾರಕರಿಗೆ ಕೊಳಕಾಗಿ ಕಾಣುವ ಜಡೆ ಹೊತ್ತವಳಿಗೆ ದೇವಿಯೇ ಆಗಿರಬಹುದು ಎಂಬುದನ್ನು ಮರೆಯಬಾರದು ಎನ್ನುತ್ತಾರೆ. ಮರೆತರೆ ನಮ್ಮ ಉಪಕಾರಕ್ಕೂ ಗಟಾರದ ವಾಸನೆ ಬರುತ್ತದೆ.

ಇದು ಮಲಪ್ರಭೆಯ ದಂಡೆಯ ಮಾತಷ್ಟೇ ಅಲ್ಲ. ನನ್ನ ಮೊಮ್ಮಗಳ ತಲೆಗೆ ಈ ಹುರಿಗಳ ಆಸೆ ಹತ್ತಿದ್ದು ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯಿಂದ. ಅವನು ಸೇರಿದ ರಾಸ್ತಫಾರಿ ಎಂಬ ಪಂಥ ಆ ದ್ವೀಪದಲ್ಲಿ 1930ರ ದಶಕದಲ್ಲಿ ಹುಟ್ಟಿತು. ಗುಲಾಮರ ಮಕ್ಕಳು ತಮ್ಮ ಕೂದಲನ್ನು ಯಜಮಾನರ ಹಣಿಗೆಗೆ ಒಪ್ಪಿಸುವುದಿಲ್ಲ ಎಂದು ಜಡೆ ಬಿಟ್ಟರು. 1845ರಿಂದ ಕೂಲಿಗಳಾಗಿ ಅಲ್ಲಿಗೆ ಹೋದ ನಮ್ಮ ದೇಶದವರ ಜೊತೆಗೆ ಸಾಧುಗಳ ಜಡೆಯೂ ಕಡಲು ದಾಟಿರಬೇಕೆಂದು ಊಹಿಸುವವರುಂಟು. 1963ರ ಏಪ್ರಿಲಿನಲ್ಲಿ ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಗಲಭೆಯ ನೆಪದಿಂದ ಸರಕಾರ ಕಂಡಕಂಡ ರಾಸ್ತಫಾರಿಗಳನ್ನು ಹಿಡಿಸಿತು, ಹೊಡೆಸಿತು; ಅನೇಕರ ಜಡೆಗಳನ್ನು ಬಲವಂತದಿಂದ ಕತ್ತರಿಸಿದರು. 2017ರಲ್ಲಿ, ಐವತ್ತನಾಲ್ಕು ವರ್ಷದ ಮೇಲೆ, ಆ ದೇಶದ ಪ್ರಧಾನಿ ಅದಕ್ಕಾಗಿ ಕ್ಷಮೆ ಕೇಳಿದರು. ಅಲ್ಲಿ ಬೇಕೆಂದವರ ಜಡೆಯನ್ನು ಕತ್ತರಿಸಿದರು. ಕಿತ್ತೂರಿನಲ್ಲಿ ಬೇಡವೆನ್ನಲು ಬಾಯಿಲ್ಲದವಳ ತಲೆಯ ಮೇಲೆ ಜಡೆಯನ್ನು ಉಳಿಸಿದರು. ನನಗೆ ಎರಡೂ ಒಂದೇ ಕೈಯ ಕೆಲಸವಾಗಿ ಕಾಣುತ್ತವೆ.

ಕಳೆದ ಬನದ ಹುಣ್ಣಿಮೆ ಕಳೆದು ಎರಡು ದಿನಕ್ಕೆ ನಾವಿಬ್ಬರೂ ಗುಡ್ಡಕ್ಕೆ ಹೋದೆವು. ಜಾತ್ರೆಯ ಗದ್ದಲ ಇಳಿದಿತ್ತು, ಚಕ್ಕಡಿಗಳು ಹಿಂದಿರುಗುತ್ತಿದ್ದವು, ದಾರಿಯ ಧೂಳಿಗೆಲ್ಲ ಭಂಡಾರದ ಬಣ್ಣ. ಜೋಗುಳಬಾವಿಯ ಹತ್ತಿರ ಒಬ್ಬ ಮುದುಕಿ ಚೌಡಿಕೆಯನ್ನು ಪಕ್ಕಕ್ಕಿಟ್ಟು ಬಿಸಿಲು ಕಾಯಿಸುತ್ತ ಕೂತಿದ್ದಳು. ಹಳದಿ ಜಡೆ ಉಡಿಯಲ್ಲಿ ಸುರುಳಿಯಾಗಿ ಬಿದ್ದಿತ್ತು. ನನ್ನ ಮೊಮ್ಮಗಳನ್ನು ಕಂಡದ್ದೇ ಎದ್ದು ಬಂದು ಕಾಲು ಮುಟ್ಟಲು ಬಾಗಿದಳು. ಅವಳು ಗಾಬರಿಯಾಗಿ ಮುದುಕಿಯ ತೋಳು ಹಿಡಿದು ಎತ್ತಿದಳು.

“ಯಾವಾಗ ಬಂತ ಯವ್ವಾ ಜಡಿ?”

“ಬಂದದ್ದಲ್ರಿ ಅಜ್ಜಿ. ನಾನ ಮಾಡಿಸಿಕೊಂಡದ್ದು.”

“ಮಾಡಿಸಿಕೊಂಡಿ? ರೊಕ್ಕಾ ಕೊಟ್ಟು?” ಮುದುಕಿ ನನ್ನ ಕಡೆ ನೋಡಿದಳು. ಹೌದೆಂದು ತಲೆ ಹಾಕಿದೆ. ಬೊಚ್ಚುಬಾಯಿ ತುಂಬ ನಕ್ಕಳು. “ಎಂಥಾ ಕಾಲ ಬಂತವ್ವಾ! ನನಗ ಪುಕ್ಕಟೆ ಬಂತ ನೋಡ.”

ಆಮೇಲೆ ಬಂದು ಹತ್ತಿರ ಕೂತು ಹುರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬುಡದ ಗಂಟನ್ನು ಬೆರಳಿನಿಂದ ತಡವಿದಳು. ಯಾರು ಕಟ್ಟಿದರು, ಯಾವುದರಿಂದ ಕಟ್ಟಿದರು, ಹೇನು ಆಗುವುದಿಲ್ಲವೇ, ತಲೆ ಎರೆದುಕೊಳ್ಳಬಹುದೇ ಎಂದೆಲ್ಲ ಕೇಳಿದಳ. ನಾನು ಚೀಲದಿಂದ ಕೊಕ್ಕೆ ತೆಗೆದು ತೋರಿಸಿದೆ. ನಾಲಗೆ ತೆರೆದು ಮುಚ್ಚುವುದನ್ನು ಮಗುವಿನಂತೆ ಹತ್ತು ಸಲ ಮಾಡಿ ನೋಡಿದಳು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದಳು:

“ಬ್ಯಾಡಾತಂದ್ರ?”

“ಕತ್ತರಿಸಿ ಬಿಡತೀನ್ರಿ.”

“ಯಾರನ್ನ ಕೇಳಬೇಕು?”

“ಯಾರನ್ನೂ ಇಲ್ರಿ.”

ಮುದುಕಿ ಬಹಳ ಹೊತ್ತು ಏನೂ ಹೇಳಲಿಲ್ಲ. ತನ್ನ ಉಡಿಯ ಮೇಲಿನ ಸುರುಳಿಯನ್ನು ಸವರುತ್ತ ಕೂತಳು. “ನನಗ ಬಂದಾಗ ಯಾರೂ ಕೇಳಲಿಲ್ಲವ್ವಾ. ಈಗ ಅರವತ್ತು ವರ್ಷಾತು. ಈಗಿದು ನಂದ. ಯಾರರ ಕತ್ತರಿ ತಂದ್ರ ನಾ ಕೊಡೂದಿಲ್ಲ” ಎಂದಳು. ಹೇಳಿ, ಭಂಡಾರದ ಚೀಲ ಬಿಚ್ಚಿ, ಮೊಮ್ಮಗಳ ಮುಖ ನೋಡಿ, “ಹಚ್ಚಲೇನು?” ಎಂದು ಕೇಳಿದಳು. ಅವಳು ತಲೆ ಬಾಗಿಸಿದಳು. ಹಣೆಗಷ್ಟೇ ಹಚ್ಚಿದಳು, ಕೂದಲಿಗೆ ಹಚ್ಚಲಿಲ್ಲ.

ಮುದುಕಿಯ ಮಾತು ನನ್ನ ವಿಚಾರವನ್ನೆಲ್ಲ ಸರಳವಾಗಿ ಮುಗಿಯಗೊಡಲಿಲ್ಲ. ದೊಡ್ಡವ್ವನಿಗೆ ಯಾರಾದರೂ ಕತ್ತರಿ ಕೊಟ್ಟಿದ್ದರೆ ಆಕೆಯ ಬಾಳು ಬೇರೆಯಾಗುತ್ತಿತ್ತು ಎಂದು ನಾನು ಈಗಲೂ ನಂಬಿದ್ದೇನೆ. ಹದಿನಾಲ್ಕರ ಹುಡುಗಿಯ ತಲೆಯ ಸಿಕ್ಕನ್ನು ದೇವಿಯ ಹೆಸರಿನಲ್ಲಿ ಕಾಯ್ದಿಡುವವರನ್ನು ಕಾಯಿದೆ ಹಿಡಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅರವತ್ತು ವರ್ಷ ಹೊತ್ತು ತನ್ನದಾಗಿಸಿಕೊಂಡವಳ ಮುಂದೆ ಕತ್ತರಿಯೂ ಮೊದಲು ಕೈ ಮುಗಿದು ಕೇಳಬೇಕು. ಕೀಲಿಗೂ ಅಗುಳಿಗೂ ಇರುವ ಅಂತರ ಹೀಗೆಂದು ನನಗೆ ತೋರುತ್ತದೆ: ಕೀಲಿಯನ್ನು ಹೊರಗಿನವರೂ ಹಾಕಬಲ್ಲರು, ಹಾಕಿ ಹೋಗಿಬಿಡಬಲ್ಲರು. ಅಗುಳಿ ಹಾಕುವವರು ಒಳಗಿನವರು; ತೆಗೆಯುವವರೂ ಅವರೇ.

ನನಗೀಗ ಎಪ್ಪತ್ತಾರು. ಬಲಗಣ್ಣಿಗೆ ಪೊರೆ ಬರುತ್ತಿದೆ. ತೊಂಬತ್ತಕ್ಕೆ ಎರಡು ಕಡಿಮೆ ಹುರಿಗಳಲ್ಲಿ ಹಿಂದಲೆಯ ನಲವತ್ತು ಮುಗಿಸಲು ಮೊದಲು ಒಂದು ಮಧ್ಯಾಹ್ನ ಸಾಕಾಗುತ್ತಿತ್ತು, ಈಗ ಎರಡು ಬೇಕು. ನಡುನಡುವೆ “ಬಿಗಿ ಆತೇನು?” ಎಂದು ಕೇಳುತ್ತೇನೆ. “ಸ್ವಲ್ಪ ಸಡಿಲು ಮಾಡ ಅಜ್ಜಿ” ಎಂದರೆ ಒಂದು ಸುತ್ತು ಬಿಚ್ಚುತ್ತೇನೆ. ಮುಂದಿನ ವರ್ಷಕ್ಕೆ ಇವನ್ನು ಇಟ್ಟುಕೊಳ್ಳುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ಅವಳ ತಂದೆ ಈಗ ಪತ್ರಿಕೆಯನ್ನು ಅಡ್ಡ ಹಿಡಿಯುವುದಿಲ್ಲ. ಬೆಳಕಿಗೆ ಅಡ್ಡ ಬರಬೇಡವೆಂದು ನಾನೇ ಅವನನ್ನು ಅತ್ತ ಸರಿಸಬೇಕಾಗುತ್ತದೆ. ಕೊಕ್ಕೆಯನ್ನು ಹೊಲಿಗೆಯ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಕತ್ತರಿಯೂ ಅದೇ ಡಬ್ಬಿಯಲ್ಲಿದೆ. ಅದು ಅವಳಿಗೂ ಗೊತ್ತು.